ಉದ್ಯೋಗ ಎಂಬ ಕಾಲಂನಲ್ಲಿ ಏನು ಬರೆಯಬೇಕು

2021ರ ಫೆಬ್ರವರಿಯಲ್ಲಿ ಬಾಡಿಗೆ ಮನೆಯ ಮುಂಗಡಕ್ಕಾಗಿ ಸಣ್ಣ ಮೊತ್ತದ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದೆ. ಅರ್ಜಿಯ ಎರಡನೆಯ ಪುಟದಲ್ಲಿದ್ದ ‘ಉದ್ಯೋಗ’ ಎಂಬ ಕಾಲಂನಲ್ಲಿ ‘ಸಂಶೋಧನಾ ವಿದ್ಯಾರ್ಥಿನಿ’ ಎಂದು ಬರೆದು ಕೊಟ್ಟೆ. ಕೌಂಟರಿನಲ್ಲಿದ್ದವರು ಅರ್ಜಿಯನ್ನು ಎರಡು ಸಲ ಓದಿ, ತುಂಬ ಸೌಜನ್ಯದಿಂದಲೇ, “ವಿದ್ಯಾರ್ಥಿ ಅಂದ್ರೆ ಎಜುಕೇಶನ್ ಲೋನ್ ಆಗ್ತದೆ ಮೇಡಂ, ನೌಕರಿ ಅಂದ್ರೆ ಸ್ಯಾಲರಿ ಸ್ಲಿಪ್ ಬೇಕಾಗ್ತದೆ, ನೀವು ಯಾವುದು ಹೇಳಿ” ಎಂದರು. ಪ್ರತಿ ತಿಂಗಳು ನನ್ನ ಖಾತೆಗೆ ಹಣ ಬರುತ್ತಿತ್ತು, ಆದರೆ ಅದು ಸಂಬಳವಾಗಿರಲಿಲ್ಲ. ಆದಾಯ ತೆರಿಗೆ ಕಾಯ್ದೆಯ ಕಲಂ 10(16)ರ ಪ್ರಕಾರ ವಿದ್ಯಾರ್ಥಿವೇತನವೆಂದು ಪರಿಗಣಿಸಿ ಅದಕ್ಕೆ ತೆರಿಗೆ ಹಿಡಿಯುತ್ತಿರಲಿಲ್ಲವಾದ್ದರಿಂದ ಫಾರ್ಮ್ 16 ಇರಲಿಲ್ಲ, ಭವಿಷ್ಯ ನಿಧಿಯ ಸಂಖ್ಯೆಯೂ ಇರಲಿಲ್ಲ. ಸಾಲ ಸಿಗಲಿಲ್ಲ. ಮುಂಗಡವನ್ನು ನಮ್ಮ ಯಜಮಾನರು ಹೊಂದಿಸಿದರು.

ಆ ದಿನ ನನಗೆ ಉತ್ತರಿಸಲಾಗದ ಆ ಪ್ರಶ್ನೆಯೇ ಪಿಎಚ್.ಡಿ. ಪ್ರವೇಶದಲ್ಲಿ, ಫೆಲೋಶಿಪ್ಪಿನಲ್ಲಿ, ಮದುವೆಯಲ್ಲಿ, ಬಾಣಂತನದಲ್ಲಿ ಮತ್ತೆ ಮತ್ತೆ ಎದುರಾಗಿದೆ. ವಿಜ್ಞಾನದಲ್ಲಿ ಸಂಶೋಧನೆ ಮಾಡುವವರು ನಮ್ಮ ವ್ಯವಸ್ಥೆಯಲ್ಲಿ ಪೂರ್ತಿ ವಿದ್ಯಾರ್ಥಿಗಳೂ ಅಲ್ಲ, ಪೂರ್ತಿ ನೌಕರರೂ ಅಲ್ಲ. ಈಗ ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿರುವ ಚಿಕ್ಕಪ್ಪನ ಮಗಳು ಹೋದ ತಿಂಗಳು ಮನೆಗೆ ಬಂದಾಗ, “ಅಕ್ಕಾ, ನಾನೂ ಪಿಎಚ್.ಡಿ. ಮಾಡಲಾ?” ಎಂದು ಕೇಳಿದಳು. ಒಂದು ಸಂಜೆಯಲ್ಲಿ ಹೇಳಿ ಮುಗಿಸಲಾಗದ್ದನ್ನು ಅವಳಿಗೂ ಅವಳಂಥವರಿಗೂ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ತೀರ್ಥಹಳ್ಳಿ ಕಡೆಯ ಅಡಕೆ ತೋಟದ ಮನೆ. ಮಳೆಗಾಲ ಎಂದರೆ ನಮ್ಮಲ್ಲಿ ಕೊಳೆರೋಗದ ಭಯ. ಮುಂಗಾರು ಶುರುವಾಗುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನಗಳ ನಂತರ ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಪ್ಪಯ್ಯ ಡ್ರಮ್ಮಿನಲ್ಲಿ ಅದನ್ನು ಕಲಕುವಾಗ ಏಳುತ್ತಿದ್ದ ನೀಲಿ ಬಣ್ಣವನ್ನು ನೋಡುತ್ತ ಬೆಳೆದವಳು ನಾನು. ಮಳೆ ಬಿಡುವು ಕೊಡದ ವರ್ಷ ಔಷಧಿ ಹೊಡೆಯಲು ಮರ ಹತ್ತುವ ಆಳುಗಳಾದ ಕೊನೆಗೌಡರಿಗೆ ಮೇಲೇರಲಾಗುತ್ತಿರಲಿಲ್ಲ. ಆಗ ಹಸಿರು ಕಾಯಿಗಳು ಬಿಳಿ ಬೂಸಲು ಹಿಡಿದು ರಾತ್ರಿಯಿಡೀ ತಪತಪನೆ ಉದುರುತ್ತಿದ್ದವು, ಆ ಶಬ್ದ ಒಳಮನೆಗೂ ಕೇಳುತ್ತಿತ್ತು. ಎಂ.ಎಸ್ಸಿ.ಯಲ್ಲಿ ಸಸ್ಯರೋಗಶಾಸ್ತ್ರದ ಪುಸ್ತಕ ತೆರೆದಾಗ ಇಂಗ್ಲಿಷ್ ಅಕ್ಷರಗಳಲ್ಲಿ ‘ಕೊಳೆರೋಗ’ ಎಂಬ ನಮ್ಮ ಮಾತೇ ಅಚ್ಚಾಗಿದ್ದುದನ್ನು ಕಂಡು ಬಹಳ ಹೊತ್ತು ಆ ಪುಟವನ್ನೇ ನೋಡುತ್ತ ಕುಳಿತಿದ್ದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸುವಾಗ ನಮ್ಮ ರೈತರ ಹೆಸರನ್ನೇ ಉಳಿಸಿಕೊಂಡಿದ್ದರು. ರೋಗಕ್ಕೆ ಕಾರಣವಾದ ಫೈಟಾಫ್ತೊರ ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರವಲ್ಲ. ನೀರಿನ ಹನಿಯಲ್ಲಿ ಈಜುವ ಬೀಜಕಣಗಳ ಮೂಲಕ ಹರಡುವ ಬೇರೆಯೇ ಗುಂಪಿನ ಜೀವಿ. ಸಂಶೋಧನೆ ಮಾಡುವುದಾದರೆ ಇದರ ಮೇಲೆಯೇ ಎಂದು ಅಂದೇ ತೀರ್ಮಾನಿಸಿದೆ.

ತೀರ್ಮಾನಿಸಿದ ಮಾತ್ರಕ್ಕೆ ಪ್ರವೇಶ ಸಿಗುವುದಿಲ್ಲ. 2016ರಲ್ಲಿ ಎಂ.ಎಸ್ಸಿ. ಮುಗಿಸಿದ ನಾನು ಪಿಎಚ್.ಡಿ.ಗೆ ನೋಂದಾಯಿಸಿದ್ದು 2019ರಲ್ಲಿ. ನಡುವಿನ ಮೂರು ವರ್ಷ ಹೋದದ್ದು ಮುಖ್ಯವಾಗಿ ಒಂದು ಪರೀಕ್ಷೆಗೆ, ಸಂಶೋಧನಾ ಫೆಲೋಶಿಪ್ಪಿಗೂ ಉಪನ್ಯಾಸಕ ಹುದ್ದೆಗೂ ದೇಶದ ಮಟ್ಟದಲ್ಲಿ ನಡೆಯುವ ಅರ್ಹತಾ ಪರೀಕ್ಷೆಗೆ. ಸಿಎಸ್‌ಐಆರ್-ಯುಜಿಸಿ ನೆಟ್‌ನ ಜೀವವಿಜ್ಞಾನ ಪತ್ರಿಕೆ ಮೂರು ಗಂಟೆಯದು, 200 ಅಂಕದ್ದು. ಕೊನೆಯ ‘ಸಿ’ ಭಾಗದಲ್ಲಿ 75 ಪ್ರಶ್ನೆಗಳಿದ್ದು ಅವುಗಳಲ್ಲಿ 25ನ್ನು ಆರಿಸಿ ಉತ್ತರಿಸಬೇಕು. ಒಂದೊಂದಕ್ಕೂ ನಾಲ್ಕು ಅಂಕ, ತಪ್ಪಿದರೆ ಕಾಲು ಭಾಗ ಕಡಿತ. ಆರಿಸುವುದಕ್ಕೂ ಮೊದಲು ಎಪ್ಪತ್ತೈದನ್ನೂ ಓದಿ ಅರ್ಥ ಮಾಡಿಕೊಳ್ಳಬೇಕಲ್ಲ, ನನ್ನ ಕಷ್ಟವೆಲ್ಲ ಅಲ್ಲಿತ್ತು. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ದ್ಯುತಿಸಂಶ್ಲೇಷಣೆ, ಕೋಶಕೇಂದ್ರ, ಅನುವಂಶೀಯತೆ ಎಂದು ಕಲಿತವಳಿಗೆ ಆ ಪ್ರಶ್ನೆಗಳ ವಿಜ್ಞಾನ ಕಷ್ಟವೆನಿಸಲಿಲ್ಲ. ಆರು ಸಾಲಿನ ಇಂಗ್ಲಿಷ್ ವಾಕ್ಯದ ತುದಿ ಮುಟ್ಟುವಷ್ಟರಲ್ಲಿ ಅದರ ಮೊದಲು ಮರೆತುಹೋಗುತ್ತಿತ್ತು. ಹಿಂದಿ ಬಲ್ಲವರಿಗೆ ತಮ್ಮ ಭಾಷೆಯಲ್ಲಿ ಓದಿಕೊಳ್ಳುವ ಅನುಕೂಲವಿದೆ, ಕನ್ನಡದ ಮಕ್ಕಳಿಗೆ ಇಲ್ಲ. ಇದು ಸಣ್ಣ ಅನ್ಯಾಯವಲ್ಲವೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮೂರನೆಯ ಪ್ರಯತ್ನದಲ್ಲಿ ಉಪನ್ಯಾಸಕ ಹುದ್ದೆಯ ಅರ್ಹತೆ ಬಂತು. ಮನೆಯಲ್ಲಿ ಸಿಹಿ ಮಾಡಿದರು. ಆ ಅರ್ಹತೆಯ ಜತೆ ಒಂದು ರೂಪಾಯಿ ಫೆಲೋಶಿಪ್ಪೂ ಬರುವುದಿಲ್ಲ ಎಂಬುದನ್ನು ಅಮ್ಮನಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ಒಂದೇ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ತಿಂಗಳ ಹಣ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್ ಬೇರೆ, ಬರಿಯ ಅರ್ಹತೆ ಬೇರೆ ಎಂಬುದನ್ನು ಹೊರಗಿನವರಿಗೆ ತಿಳಿಸುವುದು ಕಷ್ಟ. ಕಡೆಗೆ 2018ರ ಡಿಸೆಂಬರಿನಲ್ಲಿ ಬರೆದ ಐದನೆಯ ಪ್ರಯತ್ನದಲ್ಲಿ ಜೆಆರ್‌ಎಫ್ ಸಿಕ್ಕಿತು.

ಆ ಮೂರು ವರ್ಷಗಳಲ್ಲಿ ಅಮ್ಮನಿಗೆ ನನ್ನ ವಯಸ್ಸಿನದೇ ಚಿಂತೆಯಾಗಿತ್ತು. ಜೆಆರ್‌ಎಫ್ ವಯೋಮಿತಿಯಲ್ಲಿ ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಐದು ವರ್ಷ ಸಡಿಲಿಕೆ ಇದೆ. ಈ ಮಾಹಿತಿಯನ್ನು ನಾನು ಮುದ್ರಿಸಿ ಮನೆಗೆ ತಂದು ಅಪ್ಪಯ್ಯನ ಕೈಗೆ ಕೊಟ್ಟಿದ್ದೆ. ಅವರು ಓದಿ, “ಇದು ಪರೀಕ್ಷೆಯವರ ಲೆಕ್ಕ. ಗಂಡಿನ ಕಡೆಯವರು ಈ ಸಡಿಲಿಕೆ ಕೊಡ್ತಾರಾ?” ಎಂದು ಕೇಳಿದರು. ವ್ಯಂಗ್ಯಕ್ಕೆ ಹೇಳಿದ ಮಾತಲ್ಲ ಅದು. ನಿಜವಾಗಿ ಗೊತ್ತಿಲ್ಲದೆ, ನನ್ನ ಮೇಲಿನ ಅಕ್ಕರೆಯಿಂದ ಕೇಳಿದ ಪ್ರಶ್ನೆ.

ಈ ಅವಧಿಯಲ್ಲಿ ನಾನು ಒಂದು ರಾಜ್ಯ ವಿಶ್ವವಿದ್ಯಾಲಯದ ಪ್ರಾಜೆಕ್ಟಿನಲ್ಲಿ ತಿಂಗಳಿಗೆ 16,000 ರೂಪಾಯಿಗೆ ಕೆಲಸ ಮಾಡುತ್ತಿದ್ದೆ. ಪ್ರಾಜೆಕ್ಟಿನ ಹಣ ಹೇಗೆ ಬರುತ್ತದೆ ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೂರು ವರ್ಷದ ಪ್ರಾಜೆಕ್ಟ್ ಮಂಜೂರಾಗಿದೆ ಎಂದರೆ ಮೂರು ವರ್ಷದ ಹಣ ಬಂದು ಕುಳಿತಿದೆ ಎಂದರ್ಥವಲ್ಲ. ಮೊದಲ ಕಂತು ಬರುತ್ತದೆ. ಅದನ್ನು ಖರ್ಚು ಮಾಡಿದ ಲೆಕ್ಕ ಮತ್ತು ಯುಟಿಲೈಸೇಶನ್ ಸರ್ಟಿಫಿಕೇಟ್ ಎಂಬ ಹಣ ಬಳಕೆಯ ಪ್ರಮಾಣಪತ್ರ ವಿಶ್ವವಿದ್ಯಾಲಯದ ಹಣಕಾಸು ವಿಭಾಗದಿಂದ ಸಹಿಯಾಗಿ ಹೋಗಬೇಕು. ಹೋದ ಮೇಲೆ ಮುಂದಿನ ಕಂತು. ನಡುವೆ ಒಂದು ಕಡತ ಒಂದು ಮೇಜಿನ ಮೇಲೆ ನಿಂತರೆ, ಆ ಪ್ರಾಜೆಕ್ಟನ್ನೇ ನಂಬಿದವರ ತಿಂಗಳ ಹಣವೂ ನಿಲ್ಲುತ್ತದೆ. ನನ್ನದು ಐದು ತಿಂಗಳು ನಿಂತಿತು. ಆ ವರ್ಷದ ದಸರೆ, ದೀಪಾವಳಿ ಎರಡಕ್ಕೂ ಊರಿಗೆ ಹೋಗುವ ಬಸ್ಸಿನ ದುಡ್ಡನ್ನು ಅಪ್ಪಯ್ಯನೇ ಕಳಿಸಿದರು. ಮಂಡಿಗೆ ಅಡಕೆ ಹಾಕಿದ ದುಡ್ಡಿನಲ್ಲಿ ಅಡಕೆಯ ರೋಗದ ಸಂಶೋಧನೆ ನಡೆಯಿತು ಎಂದು ಈಗ ಅನ್ನಿಸುತ್ತದೆ, ಆದರೆ ಆಗ ತುಂಬ ಸಂಕೋಚವಾಗಿತ್ತು. ಆ ಐದು ತಿಂಗಳಲ್ಲಿ ಒಂದು ದಿನವೂ ಲ್ಯಾಬಿಗೆ ಹೋಗದೆ ಇರಲಿಲ್ಲ. ಹೋಗದಿದ್ದರೆ ತಟ್ಟೆಯಲ್ಲಿ ಬೆಳೆಸಿಟ್ಟ ರೋಗಾಣುವಿನ ಕಲ್ಚರ್‌ಗಳು ಸಾಯುತ್ತಿದ್ದವು.

ಮಾರ್ಗದರ್ಶಕರ ಆಯ್ಕೆಯ ಬಗ್ಗೆಯೂ ಒಂದು ಮಾತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, ನಿಯಮದ ಪ್ರಕಾರ ಒಬ್ಬ ಪ್ರಾಧ್ಯಾಪಕರು ಒಂದು ಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಪಿಎಚ್.ಡಿ. ವಿದ್ಯಾರ್ಥಿಗಳಿಗಿಂತ ಹೆಚ್ಚು ಮಂದಿಗೆ ಮಾರ್ಗದರ್ಶನ ಮಾಡುವಂತಿಲ್ಲ. 2022ರ ನಿಯಮಾವಳಿಯಲ್ಲಿ ಇನ್ನೊಂದು ಸೇರಿದೆ: ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಅನುಭವಿ ಅಧ್ಯಾಪಕರು ಒಬ್ಬೊಬ್ಬರಾಗಿ ನಿವೃತ್ತರಾಗಿ ಅವರ ಜಾಗಕ್ಕೆ ನೇಮಕಾತಿ ಆಗದಿರುವ ವಿಭಾಗದಲ್ಲಿ ಈ ಎರಡು ನಿಯಮಗಳಿಂದ ಎಷ್ಟು ಸೀಟು ಉಳಿಯುತ್ತದೆ ಎಂದು ಎಣಿಸಲು ಕೈಬೆರಳು ಸಾಕು. ಜೆಆರ್‌ಎಫ್ ಪತ್ರ ಕೈಯಲ್ಲಿ ಹಿಡಿದುಕೊಂಡು ನಾನು ನಾಲ್ಕು ಕಡೆ ‘ಖಾಲಿ ಇಲ್ಲ’ ಎಂಬ ಉತ್ತರ ಕೇಳಿದೆ. ಐದನೆಯ ಕಡೆ ಸಿಕ್ಕ ಮೇಡಂ ಮೊದಲ ಭೇಟಿಯಲ್ಲಿ ನನ್ನ ಅಂಕಪಟ್ಟಿ ಕೇಳಲಿಲ್ಲ. “ಕೊಳೆರೋಗದ ಕಾಯಿ ಕೈಯಲ್ಲಿ ಹಿಡಿದು ನೋಡಿದ್ದೀಯಾ?” ಎಂದು ಕೇಳಿದರು. ಅವರ ಬಳಿಯೇ ಸೇರಿದೆ.

2019ರ ಆಗಸ್ಟಿನಿಂದ ಫೆಲೋಶಿಪ್ ಆರಂಭವಾಯಿತು. ಆ ವರ್ಷದ ಜನವರಿಯಿಂದಲೇ ಜೆಆರ್‌ಎಫ್ ಮೊತ್ತ 25,000ದಿಂದ 31,000ಕ್ಕೆ ಏರಿತ್ತು. ಆ ಏರಿಕೆ ತಾನಾಗಿ ಬಂದದ್ದಲ್ಲ. 2018ರ ಕೊನೆಯಲ್ಲಿ ಮತ್ತು 2019ರ ಆರಂಭದಲ್ಲಿ ದೇಶದ ಅನೇಕ ಸಂಸ್ಥೆಗಳ ಸಂಶೋಧನಾ ವಿದ್ಯಾರ್ಥಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸೇರಿದಂತೆ, ಬೀದಿಗೆ ಬಂದು ಕೇಳಿ ಪಡೆದದ್ದು. ಎರಡು ವರ್ಷ ಜೆಆರ್‌ಎಫ್, ನಂತರ ಮೂರು ವರ್ಷ ಹಿರಿಯ ಸಂಶೋಧನಾ ಫೆಲೋಶಿಪ್ ಆದ ಎಸ್‌ಆರ್‌ಎಫ್, ಒಟ್ಟು ಐದು ವರ್ಷ. ಹಾಸ್ಟೆಲ್ ಸಿಕ್ಕವರಿಗೆ ಮನೆ ಬಾಡಿಗೆ ಭತ್ಯೆ ಇಲ್ಲ, ಸಿಗದವರಿಗೆ ಉಂಟು. ರಾಸಾಯನಿಕ, ಗಾಜಿನ ಸಾಮಾನು, ಪ್ರಯಾಣ ಎಲ್ಲಕ್ಕೂ ಸೇರಿ ವರ್ಷಕ್ಕೆ 20,000 ಸಾದಿಲ್ವಾರು ಅನುದಾನ. ಡಿಎನ್‌ಎ ಕೆಲಸ ಮಾಡುವವರಿಗೆ ಇದು ಎಷ್ಟು ದಿನ ಬಂದೀತೆಂದು ಯಾವ ಲ್ಯಾಬಿನಲ್ಲಿ ಕೇಳಿದರೂ ಹೇಳುತ್ತಾರೆ. ಮೇಡಂ ಅವರ ಬೇರೆ ಪ್ರಾಜೆಕ್ಟುಗಳು ಇಲ್ಲದಿದ್ದರೆ ನನ್ನ ಪ್ರಬಂಧದ ಅರ್ಧ ಅಧ್ಯಾಯಗಳು ಇರುತ್ತಿರಲಿಲ್ಲ.

ಓದುವುದಕ್ಕೆ ದುಡ್ಡು ಕೊಡುತ್ತಾರೆ ಎಂಬುದನ್ನು ಊರಿನಲ್ಲಿ ನಂಬಿಸುವುದು ಒಂದು ಕಷ್ಟವಾದರೆ, ಆ ದುಡ್ಡು ಪ್ರತಿ ತಿಂಗಳು ಒಂದನೇ ತಾರೀಖು ಬರುವುದಿಲ್ಲ ಎಂಬುದನ್ನು ನಂಬಿಸುವುದು ಇನ್ನೂ ಕಷ್ಟ. ಮದುವೆ ಮಾತುಕತೆಯಲ್ಲಿ ನಾನು ಒಂದು ಕೆಲಸ ಮಾಡಿದೆ, ಅದನ್ನು ಎಲ್ಲರಿಗೂ ಹೇಳಬಯಸುತ್ತೇನೆ. ಸಾಗರದಿಂದ ಬಂದವರ ಮುಂದೆ ಹುಡುಗನ ಜತೆ ಮಾತಾಡಲು ಬಿಟ್ಟ ಹದಿನೈದು ನಿಮಿಷದಲ್ಲಿ ಒಂದು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದೆ: ತಿಂಗಳಿಗೆ ಇಷ್ಟು, ಅದೂ ತಡವಾಗಬಹುದು, ಇದು 2024ರ ಆಗಸ್ಟಿಗೆ ನಿಲ್ಲುತ್ತದೆ, ಪ್ರಬಂಧ ಅಷ್ಟರಲ್ಲಿ ಮುಗಿಯದೆಯೂ ಇರಬಹುದು, ಮುಗಿದ ಮೇಲೆ ಕೆಲಸ ಸಿಗುತ್ತದೆ ಎಂಬ ಖಾತರಿ ಇಲ್ಲ, ಮಳೆಗಾಲದ ನಾಲ್ಕು ತಿಂಗಳು ನಾನು ತೋಟಗಳಲ್ಲಿರುತ್ತೇನೆ. ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವ ಅವರು ಹಾಳೆಯನ್ನು ಪೂರ್ತಿ ಓದಿ, ಮಡಿಚಿ ಜೇಬಿನಲ್ಲಿಟ್ಟುಕೊಂಡರು. ಮುಂದಿನ ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ಹಣದ ವಿಷಯಕ್ಕೆ ಮನಸ್ತಾಪ ಬರಲಿಲ್ಲವೆಂದರೆ ಅದಕ್ಕೆ ಆ ಹಾಳೆಯೇ ಕಾರಣವೆಂದು ಭಾವಿಸಿದ್ದೇನೆ.

2020ರ ಏಪ್ರಿಲ್‌ನಲ್ಲಿ ನಡೆಯಬೇಕಿದ್ದ ಮದುವೆ ಲಾಕ್‌ಡೌನ್‌ನಿಂದ ನವೆಂಬರಿಗೆ ಹೋಯಿತು. ಲ್ಯಾಬಿನ ಕಲ್ಚರ್‌ಗಳನ್ನು ಮಾತ್ರ ಮುಂದೂಡುವಂತಿರಲಿಲ್ಲ. ಕ್ಯಾರೆಟ್ ಅಗಾರ್ ಎಂಬ ಪೋಷಕ ಜೆಲ್ಲಿಯ ತಟ್ಟೆಯ ಮೇಲೆ ಬೆಳೆಯುವ ಫೈಟಾಫ್ತೊರವನ್ನು ಇಪ್ಪತ್ತು ದಿನಕ್ಕೊಮ್ಮೆಯಾದರೂ ನಾವು ಹೊಸ ತಟ್ಟೆಗೆ ದಾಟಿಸುತ್ತಿದ್ದೆವು. ತಡವಾದರೆ ಒಣಗುತ್ತದೆ, ಇಲ್ಲವೇ ಬೇರೆ ಬೂಸಲು ಮೇಲೇರುತ್ತದೆ. ಕರೆಯುವ ಹಸುವಿರುವ ಮನೆಯವರು ನೆಂಟರ ಮನೆಯಲ್ಲಿ ರಾತ್ರಿ ಉಳಿಯುವುದಿಲ್ಲ ಎಂಬ ಮಾತು ನಮ್ಮ ಕಡೆ ಇದೆ. ನನ್ನ ಕೆಲಸವೇನು, ಭಾನುವಾರವೂ ಏಕೆ ಹೋಗಬೇಕು ಎಂದು ಅತ್ತೆ ಕೇಳಿದಾಗ ಈ ಮಾತನ್ನೇ ಹೇಳಿದ್ದೆ. ಅವರು ಹಸು ಸಾಕಿದವರು, ಇನ್ನೊಮ್ಮೆ ಕೇಳಲಿಲ್ಲ.

ಮಗಳು ಹುಟ್ಟಿದ್ದು 2021ರ ಜುಲೈ ತಿಂಗಳಲ್ಲಿ. ಸಂಗ್ರಹಕ್ಕೆ ಅದಕ್ಕಿಂತ ಮುಖ್ಯವಾದ ಕಾಲವಿಲ್ಲ. ಮೂರು ವರ್ಷ ಸತತವಾಗಿ ಒಂದೇ ತೋಟಗಳಿಂದ ರೋಗದ ಮಾದರಿ ತೆಗೆಯಬೇಕೆಂಬುದು ನನ್ನ ಪ್ರಬಂಧದ ಬುಡ, ಅದು ಎರಡನೆಯ ವರ್ಷ. ಒಂದು ಮಳೆಗಾಲ ತಪ್ಪಿದರೆ ಇಡೀ ವರ್ಷವೇ ತಪ್ಪಿದಂತೆ. ನಾನು ಬಾಣಂತನಕ್ಕೆ ಅಮ್ಮನ ಮನೆಯಲ್ಲಿದ್ದೆ, ಕೋಣೆಯಿಂದ ಹೊರಗೆ ಬರುವ ಹಾಗಿರಲಿಲ್ಲ. ಆಗ ಅಪ್ಪಯ್ಯ ತಾವೇ, “ಏನು ಬೇಕು ಹೇಳು, ನಾನು ಹೆಕ್ಕಿ ತರ್ತೇನೆ” ಎಂದರು. ಬಾಗಿಲ ಸಂದಿಯಿಂದಲೇ ಹೇಳಿಕೊಟ್ಟೆ: ಪೂರ್ತಿ ಕೊಳೆತದ್ದು ಬೇಡ, ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಪ್ಪು ಹಸಿರಾದದ್ದು ಬೇಕು, ಒಂದು ಮರದ್ದು ಒಂದು ಕವರಿಗೆ, ಕವರಿನ ಮೇಲೆ ಜಾಗ ಮತ್ತು ದಿನ ಬರೆಯಬೇಕು. ಅಪ್ಪಯ್ಯ ಮತ್ತು ತಮ್ಮ ಸೇರಿ ಕೊಡೆ ಹಿಡಿದು ನಮ್ಮ ತೋಟವನ್ನೂ ಸುತ್ತಿನ ಆರು ತೋಟಗಳನ್ನೂ ತಿರುಗಿದರು. ಸಂಜೆ ಬಸ್ಸಿನಲ್ಲಿ ಪಾರ್ಸೆಲ್ ಹೋಗುತ್ತಿತ್ತು, ಬೆಳಗ್ಗೆ ನನ್ನ ಕಿರಿಯ ಸಹೋದ್ಯೋಗಿ ಅದನ್ನು ಇಳಿಸಿಕೊಂಡು ತಟ್ಟೆಗೆ ಹಾಕುತ್ತಿದ್ದ.

ಆ ಕವರುಗಳನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಅಪ್ಪಯ್ಯ ದಿನಾಂಕ ಬರೆದಿರಲಿಲ್ಲ. ‘ಕೆಳಗಿನ ತೋಟ, ಬಾವಿ ಪಕ್ಕ, ಪುನರ್ವಸು ಮಳೆ ಕೊನೆ ದಿನ’ ಎಂದು ಒಂದರ ಮೇಲೆ. ‘ಪುಷ್ಯ ಮಳೆ, ಮೂರನೇ ದಿನ, ಬಿಸಿಲು ಇಲ್ಲವೇ ಇಲ್ಲ’ ಎಂದು ಇನ್ನೊಂದರ ಮೇಲೆ. ಪಂಚಾಂಗ ಎದುರಿಗಿಟ್ಟುಕೊಂಡು ನಾನು ಅವನ್ನು ತಾರೀಖಿಗೆ ಪರಿವರ್ತಿಸಿದೆ. ಬಿಸಿಲಿನ ಬಗ್ಗೆ ಅವರು ಬರೆದ ಟಿಪ್ಪಣಿ ನಿಜಕ್ಕೂ ಉಪಯೋಗಕ್ಕೆ ಬಂತು. ಸತತ ಮಳೆ, ತಂಪು ಹವೆ, ತೇವ ಮೂರೂ ಕೂಡಿದಾಗಲೇ ಈ ರೋಗ ಉಲ್ಬಣಿಸುವುದರಿಂದ ಮೋಡ ಮುಚ್ಚಿದ ದಿನಗಳ ಲೆಕ್ಕ ನನಗೆ ಬೇಕಾಗಿತ್ತು, ಹತ್ತಿರದಲ್ಲಿ ಹವಾಮಾನ ಕೇಂದ್ರ ಇರಲಿಲ್ಲ. ಅವರು ತಂದ ಮಾದರಿಗಳಲ್ಲಿ ಹನ್ನೊಂದರಿಂದ ಶುದ್ಧ ಕಲ್ಚರ್ ದೊರೆಯಿತು. ಅವುಗಳಲ್ಲೊಂದರ ಹೆಸರು ಪ್ರಬಂಧದ ಕೋಷ್ಟಕದಲ್ಲಿ ‘ಪುಷ್ಯ-3’ ಎಂದೇ ಇದೆ, ಮೇಡಂ ಬದಲಿಸಲು ಹೇಳಲಿಲ್ಲ.

ಹೆರಿಗೆ ರಜೆಯ ನಿಯಮವನ್ನು ತಿಳಿಯದೆ ಎಷ್ಟೋ ಹೆಣ್ಣುಮಕ್ಕಳು ಸಂಶೋಧನೆಯನ್ನೇ ಬಿಟ್ಟುಬಿಡುತ್ತಾರೆ, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಯುಜಿಸಿಯ ಪಿಎಚ್.ಡಿ. ನಿಯಮಾವಳಿ, 2016ರದೂ ಹೌದು 2022ರದೂ ಹೌದು, ಇಡೀ ಅವಧಿಯಲ್ಲಿ ಒಮ್ಮೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೆ ಅವಕಾಶ ಕೊಡುತ್ತದೆ. ಫೆಲೋಶಿಪ್ ಸಹಿತವಾದ ಹೆರಿಗೆ ರಜೆ ಕೇಂದ್ರ ಸರ್ಕಾರದ ನಿಯಮದಂತೆ ಸಿಗುತ್ತದೆ. ಎರಡೂ ಬೇರೆ ಬೇರೆ ಕಾಗದಗಳು, ಎರಡನ್ನೂ ಹಿಡಿದು ಹೋಗಬೇಕು. ನಾನು ಅರ್ಜಿ ಕೊಟ್ಟ ಕಚೇರಿಯಲ್ಲಿ ಮೊದಲು ಹೇಳಿದ್ದು “ವಿದ್ಯಾರ್ಥಿಗಳಿಗೆ ಹೆರಿಗೆ ರಜೆ ಎಂಬುದಿಲ್ಲ” ಎಂದೇ. ಮೇಡಂ ನಿಯಮದ ಪ್ರತಿಗೆ ಹಳದಿ ಗೆರೆ ಎಳೆದು ತಾವೇ ನಡೆದುಕೊಂಡು ಹೋಗಿ ಕೊಟ್ಟು ಬಂದ ಮೇಲೆ 180 ದಿನ ಮಂಜೂರಾಯಿತು. ಆದರೂ ಮಗುವಿಗೆ ಐದು ವಾರವಾಗಿದ್ದಾಗ, ಜೆಆರ್‌ಎಫ್ ಎರಡು ವರ್ಷ ತುಂಬಿದ್ದರಿಂದ ಎಸ್‌ಆರ್‌ಎಫ್ ಬಡ್ತಿಯ ಮೌಲ್ಯಮಾಪನ ಬಂತು. ಹೊರಗಿನ ತಜ್ಞರೊಬ್ಬರಿದ್ದ ಸಮಿತಿಯ ಮುಂದೆ ವಿಡಿಯೋ ಕರೆಯಲ್ಲಿ ನಲವತ್ತು ನಿಮಿಷ ಮಾತಾಡಿದೆ. ಪಕ್ಕದ ಕೋಣೆಯಲ್ಲಿ ಮಗು ಅಳಲು ಶುರುಮಾಡಿದ್ದು, ಅಮ್ಮ ಎತ್ತಿಕೊಂಡು ಅಡುಗೆಮನೆಯ ಕಡೆ ನಡೆದದ್ದು, ಅಳು ದೂರವಾದದ್ದು ಎಲ್ಲ ಕೇಳುತ್ತಲೇ ಇತ್ತು. ಪ್ರಶ್ನೆಗಳಿಗೆ ಉತ್ತರ ತಪ್ಪಲಿಲ್ಲ. ಮೊತ್ತ 35,000ಕ್ಕೆ ಏರಿತು. ಮುಂದೆ 2023ರ ಜನವರಿಯಿಂದ ಅನ್ವಯವಾಗುವಂತೆ ಜೆಆರ್‌ಎಫ್ 37,000, ಎಸ್‌ಆರ್‌ಎಫ್ 42,000 ಆಯಿತು.

ರಜೆ ಮುಗಿದು 2022ರ ಜನವರಿಯಲ್ಲಿ ಲ್ಯಾಬಿಗೆ ಮರಳಿದಾಗ ಊರಿನಲ್ಲಿ ಅಡಕೆ ಸುಗ್ಗಿ. ಕೊಯ್ಲಿನ ಆಳುಗಳಿಗೆ ಅಡುಗೆ ಮಾಡುವ ಅಮ್ಮ ಬರುವಂತಿರಲಿಲ್ಲ. ಅತ್ತೆ ಸಾಗರದ ಮನೆ ಬಿಟ್ಟು ಬಂದು ನನ್ನ ಬಾಡಿಗೆ ಮನೆಯಲ್ಲಿ ಎರಡು ತಿಂಗಳು ಇದ್ದರು, ಮಾರ್ಚ್‌ನಿಂದ ಅಮ್ಮ. ಯಜಮಾನರು ಶನಿವಾರ ರಾತ್ರಿ ಬಂದು ಸೋಮವಾರ ಮುಂಜಾನೆಯ ಬಸ್ಸಿಗೆ ಹೋಗುತ್ತಿದ್ದರು. ಮನೆ ಕ್ಯಾಂಪಸ್ಸಿನಿಂದ ಹನ್ನೊಂದು ಕಿಲೋಮೀಟರ್. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದು 2017ರ ತಿದ್ದುಪಡಿಯ ನಂತರ ಹೆರಿಗೆ ಸೌಲಭ್ಯ ಕಾಯ್ದೆ ಹೇಳುತ್ತಿತ್ತು. ಸಂಶೋಧನಾ ವಿದ್ಯಾರ್ಥಿಗಳು ನೌಕರರಲ್ಲವಾದ್ದರಿಂದ ಆ ಎಣಿಕೆಯಲ್ಲಿ ನಾವಿರಲಿಲ್ಲ. ಬ್ಯಾಂಕಿನ ಅರ್ಜಿಯ ಅದೇ ಕಾಲಂ ಇಲ್ಲಿಯೂ ಅಡ್ಡ ಬಂತು.

ಹಾಲು ಕಟ್ಟಿಕೊಂಡು ಎದೆ ಕಲ್ಲಾಗುವ ನೋವನ್ನು ಬಲ್ಲವರು ಬಲ್ಲರು. ಹನ್ನೆರಡು ಗಂಟೆಗೂ ಮೂರು ಗಂಟೆಗೂ ಹಾಲು ತೆಗೆದು ಸ್ಟೀಲಿನ ಡಬ್ಬಿಯಲ್ಲಿಡುತ್ತಿದ್ದೆ, ಇಡುವುದೆಲ್ಲಿ? ನಮ್ಮ ವಿಭಾಗದಲ್ಲಿ ಒಂಬತ್ತು ಫ್ರಿಜ್ಜುಗಳಿದ್ದವು. ಎಲ್ಲದರ ಬಾಗಿಲ ಮೇಲೂ ತಿನ್ನುವ ಪದಾರ್ಥ ಇಡಬಾರದೆಂಬ ಚೀಟಿ ಇತ್ತು, ಅದು ಸರಿಯಾದ ನಿಯಮ. ರೋಗಾಣು ಮತ್ತು ವಿಷವಸ್ತುಗಳಿರುವ ಜಾಗದಲ್ಲಿ ಹಾಲು ಇಡುವುದನ್ನು ನಾನೂ ಒಪ್ಪುತ್ತಿರಲಿಲ್ಲ. ಅಟೆಂಡರ್ ಅಕ್ಕ ಒಂದು ದಿನ ನನ್ನನ್ನು ಕರೆದುಕೊಂಡು ಹೋಗಿ ಸಿಬ್ಬಂದಿ ಊಟದ ಕೋಣೆಯ ಸಣ್ಣ ಫ್ರಿಜ್ಜಿನಲ್ಲಿ, ಮಜ್ಜಿಗೆ ಬಾಟಲಿಗಳ ಹಿಂದೆ, ಒಂದು ಅಂಗೈ ಅಗಲದ ಜಾಗ ತೋರಿಸಿ, “ಇದು ನಿಮ್ಮ ಮಗಳ ಜಾಗ, ಯಾರೂ ಮುಟ್ಟೋದಿಲ್ಲ” ಎಂದರು. ಏಳು ತಿಂಗಳು ಆ ಜಾಗ ನನ್ನ ಮಗಳದೇ ಆಗಿತ್ತು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೇಡಂ ಅವರ ನಂತರ ಅಕ್ಕನ ಹೆಸರಿದೆ.

ಇನ್ನು ಮನಸ್ಸಿಗೆ ಬಹಳ ನೋವು ಕೊಟ್ಟ ವಿಷಯ. ಪಿಎಚ್.ಡಿ. ಮುಗಿಸಲು ನಿಯಮ ಆರು ವರ್ಷ ಕೊಡುತ್ತದೆ, ಮಹಿಳೆಯರಿಗೆ ಇನ್ನೂ ಎರಡು ವರ್ಷ ಹೆಚ್ಚಿನ ಅವಕಾಶವಿದೆ. ಆ ಉದಾರತೆಯನ್ನು ನಾನು ಗೌರವಿಸುತ್ತೇನೆ. ಆದರೆ ಫೆಲೋಶಿಪ್ ಎಲ್ಲರಿಗೂ ಐದೇ ವರ್ಷ. ಹೆರಿಗೆಗೆ, ಮಗುವಿನ ಮೊದಲ ವರ್ಷಕ್ಕೆ ಹೋದ ಸಮಯವನ್ನು ಒಂದು ಕಾಗದ ಹಿಂದಿರುಗಿಸುತ್ತದೆ, ಆ ಸಮಯದಲ್ಲಿ ಬದುಕಲು ಬೇಕಾದ ಹಣವನ್ನು ಯಾವ ಕಾಗದವೂ ಹಿಂದಿರುಗಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಕೊಟ್ಟಿರುವ ಆ ಎರಡು ವರ್ಷವನ್ನು ಬಳಸಿಕೊಳ್ಳಬಲ್ಲವರು ಗಂಡನ ಅಥವಾ ತವರಿನ ಆದಾಯ ಇರುವವರು ಮಾತ್ರ. ಇಲ್ಲದವರು ಏನು ಮಾಡುತ್ತಾರೆ? ನನ್ನ ಜತೆಗೇ ನೋಂದಾಯಿಸಿದ, ನನಗಿಂತ ಚೆನ್ನಾಗಿ ಕೆಲಸ ಬಲ್ಲ ಗೆಳತಿ ಆರನೆಯ ವರ್ಷದಲ್ಲಿ ಔಷಧ ಕಂಪನಿಯೊಂದರ ಗುಣಮಟ್ಟ ವಿಭಾಗಕ್ಕೆ ಸೇರಿದಳು; ಅವಳ ನಾಲ್ಕು ಅಧ್ಯಾಯಗಳು ಇನ್ನೂ ಕಂಪ್ಯೂಟರಿನಲ್ಲಿವೆ. ಅವಧಿ ವಿಸ್ತರಿಸುವ ಆದೇಶದ ಜತೆಗೆ ಆ ವಿಸ್ತರಣೆಯ ಮೊದಲ ಒಂದು ವರ್ಷಕ್ಕಾದರೂ ಫೆಲೋಶಿಪ್ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಹಣ 2024ರ ಆಗಸ್ಟಿಗೆ ನಿಂತಿತು, ಪ್ರಬಂಧ ಸಲ್ಲಿಸಿದ್ದು 2025ರ ಮಾರ್ಚ್‌ನಲ್ಲಿ. ಆ ಏಳು ತಿಂಗಳು ಬೆಳಗ್ಗೆ ಬರೆದೆ, ಸಂಜೆ ಪಿಯು ಮಕ್ಕಳಿಗೆ ಮನೆಯಲ್ಲೇ ಜೀವಶಾಸ್ತ್ರ ಪಾಠ ಹೇಳಿದೆ. ಬೋಧನಾ ಶುಲ್ಕ, ಪ್ರಬಂಧ ಸಲ್ಲಿಕೆ ಶುಲ್ಕ, ಮುದ್ರಣದ ವೆಚ್ಚ ಎಲ್ಲವೂ ಹಣ ನಿಂತ ಮೇಲೆಯೇ ಬರುವುದನ್ನು ಈಗಲೇ ಗೊತ್ತುಮಾಡಿಕೊಂಡು ಮೊದಲಿನ ವರ್ಷಗಳಿಂದ ತಿಂಗಳಿಗೆ ಸ್ವಲ್ಪ ತೆಗೆದಿಡಬೇಕು.

ಚಿಕ್ಕಪ್ಪನ ಮಗಳಿಗೆ ಅಂತಿಮವಾಗಿ ಹೇಳಿದ್ದು ಇಷ್ಟು. ಜೆಆರ್‌ಎಫ್ ಬರದಿದ್ದರೂ ದಾರಿ ಮುಚ್ಚುವುದಿಲ್ಲ. 2024ರಿಂದ ನೆಟ್‌ನಲ್ಲಿ ಪಿಎಚ್.ಡಿ. ಪ್ರವೇಶಕ್ಕೆಂದೇ ಪ್ರತ್ಯೇಕ ಅರ್ಹತಾ ವರ್ಗವಿದೆ, ಅದರ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಆದರೆ ಅದು ಒಂದೇ ವರ್ಷ ಚಾಲ್ತಿಯಲ್ಲಿರುತ್ತದೆ. ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ಸ್ಥಾನ ಬಂದರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಫೆಲೋಶಿಪ್ಪಿಗೆ ಹಾಕಬಹುದು. ನಮ್ಮ ರಾಜ್ಯದಲ್ಲಿ ಕೆಸ್ಟೆಪ್ಸ್ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ಕೊಡುವ ಪಿಎಚ್.ಡಿ. ಫೆಲೋಶಿಪ್ ಇದೆ, ಅದರ ಪ್ರಕಟಣೆಯನ್ನು ಕಾಯುತ್ತಿರಬೇಕು. ಮಾರ್ಗದರ್ಶಕರಾಗುವವರ ಬಳಿ ವಿಷಯದ ಬಗ್ಗೆ ಕೇಳುವ ಮೊದಲು, ಹಣ ಯಾವ ಮೂಲದ್ದು, ಯಾವ ತಿಂಗಳವರೆಗೆ ಇದೆ, ಹಿಂದಿನ ವಿದ್ಯಾರ್ಥಿ ಎಷ್ಟು ವರ್ಷದಲ್ಲಿ ಮುಗಿಸಿದ ಎಂದು ಕೇಳಬೇಕು. ಇದನ್ನು ಕೇಳುವುದು ಅವಿನಯವಲ್ಲ. ಕೇಳಿದ್ದಕ್ಕೆ ಮುನಿಸಿಕೊಳ್ಳುವವರ ಬಳಿ ಐದಾರು ವರ್ಷ ಕಳೆಯುವುದು ಕಷ್ಟ. ಸಾಧ್ಯವಾದರೆ ಆ ಲ್ಯಾಬಿನ ಹುಡುಗಿಯರ ಜತೆ ಒಂದು ಊಟದ ಹೊತ್ತು ಕುಳಿತು ಬರಬೇಕು. ಅವಳು ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡಳು, ಆಮೇಲೆ, “ನಮ್ಮಮ್ಮನಿಗೆ ನೀನೇ ಹೇಳಕ್ಕಾ” ಎಂದಳು. ನನ್ನ ಅತ್ತೆ ಒಳಗೆ ನನ್ನ ಮಗಳಿಗೆ ಅನ್ನ ಕಲಸುತ್ತಿದ್ದರು, ಮಾತೆಲ್ಲ ಕೇಳಿಸಿಕೊಂಡಿದ್ದರು. ಅವಳ ಅಮ್ಮನಿಗೆ ಆ ರಾತ್ರಿಯೇ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ್ದು ನಾನಲ್ಲ, ಅತ್ತೆ.

ನನ್ನ ಮೌಖಿಕ ಪರೀಕ್ಷೆಯ ದಿನ ಇನ್ನೂ ಗೊತ್ತಾಗಿಲ್ಲ. ಪ್ರಬಂಧ ಸಲ್ಲಿಸಿದ ಮರುದಿನ ಲ್ಯಾಬಿಗೆ ಹೋಗಿ ನನ್ನ ಕಲ್ಚರ್‌ಗಳನ್ನು ಮೊದಲ ವರ್ಷದ ವಿದ್ಯಾರ್ಥಿನಿಗೆ ಒಪ್ಪಿಸಿದೆ. ಯಾವುದು ಬೇಗ ಒಣಗುತ್ತದೆ, ಯಾವುದಕ್ಕೆ ಕ್ಯಾರೆಟ್ ಅಗಾರಿಗಿಂತ ಓಟ್ಸ್ ಅಗಾರ್ ಹಿಡಿಸುತ್ತದೆ, ಯಾವುದರ ಬೆಳವಣಿಗೆಯನ್ನು ಅಂಚಿನಿಂದಲೇ ಕತ್ತರಿಸಿ ದಾಟಿಸಬೇಕು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅವಳು ಶುದ್ಧ ಗಾಳಿ ಹರಿಸುವ ಲ್ಯಾಮಿನಾರ್ ಫ್ಲೋ ಪೆಟ್ಟಿಗೆಯ ಮುಂದೆ ಕುಳಿತು ಸ್ಪಿರಿಟ್ ದೀಪ ಹೊತ್ತಿಸಿ, ಮೊದಲ ತಟ್ಟೆ ಎತ್ತಿಕೊಂಡು, “ಅಕ್ಕಾ, ಪುಷ್ಯ-3 ಅಂದ್ರೆ ಏನು?” ಎಂದು ಕೇಳಿದಳು. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತು ಹೇಳಿದೆ. ಮುಂದಿನ ತಟ್ಟೆ ಬದಲಾಯಿಸುವ ದಿನವನ್ನು ಅವಳು ತನ್ನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿಕೊಂಡಳು.